ಅಟ್ಟದ ಕಾಯಿ, ಗಿರಿಜಕ್ಕನ ಮಾತು

ಬೆಳಗ್ಗೆ ಡೈರಿಗೆ ಹಾಲು ಹಾಕಿದೆ, ಎರಡು ಕಂಬಳಿ ಒಗೆದು ಹರವಿದೆ, ದೋಸೆಗೆ ಅಕ್ಕಿ ನೆನೆಸಿದೆ. ಆಮೇಲೆ ಅಟ್ಟದಿಂದ ಕಾಯಿ ಇಳಿಸುವ ಕೆಲಸ. ನಿಮ್ಮದು ಕೊಬ್ಬರಿ ಮಾಡುವ ಮನೆಯಲ್ಲದಿದ್ದರೆ ಹೇಳುತ್ತೇನೆ: ತಿಂಗಳುಗಟ್ಟಲೆ ಅಟ್ಟದಲ್ಲಿದ್ದ ಕಾಯಿಯ ನೀರು ಇಂಗಿ, ತಿರುಳು ಚಿಪ್ಪು ಬಿಡುತ್ತದೆ. ನೀರು ಉಳಿದ ಕಾಯಿಯನ್ನು ಒಡೆಯುವಂತಿಲ್ಲ; ಕಿವಿಯ ಹತ್ತಿರ ಅಲುಗಿಸಿದರೆ ಗಡಗಡ ಎನ್ನಬೇಕು. ಆ ಸದ್ದಿಗೆ ನನಗೆ ಗಿರಿಜಕ್ಕನ ನೆನಪು.

ಗಿರಿಜಕ್ಕ ನನ್ನ ಓರಗಿತ್ತಿ, ಭಾವನ ಹೆಂಡತಿ. ಕೆಲವು ವರ್ಷಗಳ ಹಿಂದೆ ಖಿನ್ನತೆ ಕವಿದು, ಅನ್ನ ನೀರು ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಮಾತ್ರೆ ನಾಟಲಿಲ್ಲ. ಹಾಸನದ ಡಾಕ್ಟರು, ಮಂಪರು ಕೊಟ್ಟು ತಲೆಗೆ ಕರೆಂಟು ಹಾಯಿಸುವ ಚಿಕಿತ್ಸೆ ಶುರುಮಾಡಿದರು. ಎರಡು ಸಲಕ್ಕೇ ತಾನಾಗಿ ಕೇಳಿ ಇಡ್ಲಿ ತಿಂದಳು. ಮೂರನೆಯ ಸಲ ಎಚ್ಚರವಾದಾಗ ನಮ್ಮನ್ನು ನೋಡಿ ನಕ್ಕಳು. ಮಾತು ಮಾತ್ರ ಬರಲಿಲ್ಲ.

ಡಾಕ್ಟರು ಸ್ಕ್ಯಾನ್ ಮಾಡಿಸಿ, "ಲಕ್ವ ಅಲ್ಲ. ಬಹಳ ಅಪರೂಪಕ್ಕೆ ಹೀಗಾಗುತ್ತೆ, ಸಾಮಾನ್ಯವಾಗಿ ತಾನೇ ಸರಿಹೋಗುತ್ತೆ. ಅಲ್ಲೀವರೆಗೆ ಚಿಕಿತ್ಸೆ ನಿಲ್ಸೋಣ" ಎಂದರು. ಭಾವ ಹೊರಗೆ ಬಂದು, "ಜೀವ ಉಳೀಲಿ ಅಂತ ಅವಳ ಮಾತು ಮಾರ್ಕೊಂಡ್ನೇನಮ್ಮ?" ಎಂದರು.

ನಮ್ಮೂರು ಮಾದಿಹಳ್ಳಿಗೆ ಕರೆತಂದೆವು. ಮಾತು ಹೋದವಳಿಗೆ ಕಿವಿಯೂ ಹೋಗಿದೆಯೆಂದು ಯಾರು ತೀರ್ಮಾನಿಸಿದರೋ ಕಾಣೆ, ಮನೆಮಂದಿಯೆಲ್ಲ ಕೂಗತೊಡಗಿದೆವು. ನಾನಂತೂ ಕಾಫಿ ಬೇಕೇ ಎಂಬುದನ್ನು ಬೀಜ ಹುರಿಯುವುದರಿಂದ ಹಿಡಿದು ಅಭಿನಯಿಸಿ ತೋರಿಸುತ್ತಿದ್ದೆ. ಅವಳು ಹಣೆ ಚಚ್ಚಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಅವಳೆದುರೇ ಕೂತು ಕಾಯಿ ಅಲುಗಿಸಿದೆ, ಮಚ್ಚೆತ್ತಿದೆ.

"ನೀ... ನೀರೈತೆ ಅದ್ರಾಗೆ!"

ಮಚ್ಚು ಗಾಳಿಯಲ್ಲೇ ನಿಂತಿತು.

"ಕಿವಿ ಹೋಗಿರೋದು ನಿಂಗೆ ಕಣೇ, ನಂಗಲ್ಲ."

ಕೊಟ್ಟಿಗೆಯಿಂದ ಭಾವ ಸಗಣಿಗೈಯಲ್ಲೇ ಓಡಿಬಂದು, "ಏನಂದೆ? ಇನ್ನೊಂದ್ಸಲ ಅನ್ನೇ!" ಎಂದು ಅರಚಿದರು.

"ಕೂಗ್ಬೇಡ್ರೀ, ಕೇಳ್ಸತೈತೆ."

ನಾವು ಮೂವರೂ ನಕ್ಕು ನಕ್ಕು ಅತ್ತೆವು. ಭಾವ, "ಇನ್ನು ಆ ಕರೆಂಟು ಬ್ಯಾಡ" ಎಂದರೆ ಅವಳೇ, "ಅನ್ನ ರುಚಿ ಆಗ್ತೈತೆ. ಡಾಕ್ಟ್ರು ಸರಿ ಅಂದ್ರೆ ಮಿಕ್ಕಿದ್ದೂ ಮುಗ್ಸಣ" ಎಂದಳು. ಡಾಕ್ಟರು ಸ್ವಲ್ಪ ತಡೆದು, ಎಚ್ಚರದಿಂದ ಮುಗಿಸಿದರು. ಮಾತು ಮತ್ತೆ ಹೋಗಲಿಲ್ಲ.

ಹೋಗುವುದಿರಲಿ, ಈಗ ನಿಲ್ಲುವುದೂ ಇಲ್ಲ. ಇವತ್ತು ಕಾಯಿ ಮುಗಿಯುವವರೆಗೂ ಮಾತಾಡಿದಳು. ಮೊದಲಾದರೆ ತಲೆನೋವು ಎನ್ನುತ್ತಿದ್ದೆ, ಇವತ್ತು ಇನ್ನೊಂದು ಲೋಟ ಕಾಫಿ ಕೊಟ್ಟು ಕೂತೆ. ರಾತ್ರಿ ಮುದ್ದೆ, ಹುರುಳಿಸಾರು ಉಂಡೆವು. ಗಿರಿಜಕ್ಕ ಹುಲಿಕೆರೆ ಬೀಗರ ಮನೆಯ ಮದುವೆಯ ಕಥೆ ತೆಗೆದಳು. ಹೆಣ್ಣಿನ ಸೀರೆಯ ಅಂಚಿಗೆ ಬರುವಷ್ಟರಲ್ಲಿ ಭಾವ ನಿದ್ದೆ ಹೋಗಿದ್ದರು.