ಕಾರಂಜಿ ನೋಡಿ ಬಂದವನ ಕೋಟು

ಮಳೆಗಾಲ ಕಳೆದು ಬಿಸಿಲು ಗಟ್ಟಿಯಾಗುವ ಹೊತ್ತಿಗೆ ನಮ್ಮ ಮನೆಯ ಅಂಗಳದ ಹಗ್ಗದ ಮೇಲೆ ಪೆಟ್ಟಿಗೆಯೊಳಗಿನ ಬಟ್ಟೆಗಳೆಲ್ಲ ಹೊರಬಂದು ತೂಗುತ್ತವೆ. ಆ ಸಾಲಿನಲ್ಲಿ ಪ್ರತಿ ವರ್ಷವೂ ನನ್ನದೊಂದು ಕಪ್ಪು ಕೋಟು, ಠಾಣೆಗೆ ಕರೆಸಿಕೊಂಡವನ ಹಾಗೆ ತೋಳು ಇಳಿಬಿಟ್ಟುಕೊಂಡು, ಎದೆಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ನಿಂತಿರುತ್ತದೆ. ಹಾಗೆ ತಿರುಗಿಸಿ ಹಾಕುವವನು ನಾನೇ. ಅದರ ಎಡಗಡೆಯ ಕಿಸೆಯ ಸುತ್ತ ಅಂಗೈಯಗಲದ ಒಂದು ಕಲೆ ಇದೆ. ಅಗಸನ ಸೋಪಿಗೂ ಅದು ಜಗ್ಗಲಿಲ್ಲ, ಹೆಂಡತಿಯ ಸೀಗೆಪುಡಿಗೂ ಜಗ್ಗಲಿಲ್ಲ. "ಇದನ್ನು ಮಂಜಿ ಹಡಗಿನವರಿಗಾದ್ರೂ ಕೊಡುವ, ಸಮುದ್ರದ ಚಳಿಗೆ ಹಾಕ್ತಾರೆ" ಎಂದು ಅವಳು ವರ್ಷಕ್ಕೊಮ್ಮೆ ಹೇಳುತ್ತಾಳೆ. "ಅದನ್ನು ಮುಟ್ಟಬೇಡ" ಎಂದು ನಾನು ವರ್ಷಕ್ಕೊಮ್ಮೆ ಸಿಡುಕುತ್ತೇನೆ. ಒಂದು ಹಳೆಯ ಕೋಟಿನ ವಿಷಯದಲ್ಲಿ ಇಷ್ಟು ಸಿಟ್ಟೇಕೆ ಎಂದು ನಿಮಗೂ ಅನಿಸಬಹುದು. ಸಿಟ್ಟು ಕೋಟಿನ ಮೇಲಲ್ಲ, ಗೆಳೆಯರೇ. ಅದನ್ನು ಹಾಕಿಕೊಂಡು ಮೈಸೂರು ನೋಡಲು ಹೋದವನ ಮೇಲೆ.

ಈ ಸಲ ಕೋಟು ಬಿಸಿಲಿಗೆ ಬಂದ ದಿನವೇ ನಮ್ಮ ಅಂಗಡಿಗೆ ಆಚಾರ್ಯ ಮಾಷ್ಟ್ರು ಬಂದರು. ಮಂಗಳೂರಿನ ಬಂದರಿನಲ್ಲಿ ನಮ್ಮದು ಕೊಬ್ಬರಿ, ಹಗ್ಗ ಮತ್ತು ಸಮುದ್ರದಾಚೆಯ ದ್ವೀಪಗಳಿಂದ ಬರುವ ಬೆಲ್ಲದ ವ್ಯಾಪಾರ. ಮಾಷ್ಟ್ರು ದೇವಸ್ಥಾನದ ಅರ್ಚಕರ ಮನೆತನದವರು, ಶಾಲೆಯಲ್ಲಿ ಪಾಠ ಹೇಳುವವರು, ಬಾವಿಯ ಹಗ್ಗಕ್ಕೆ ಮಾತ್ರ ನಮ್ಮಲ್ಲಿಗೇ ಬರುವವರು. ಹಗ್ಗವನ್ನು ಎಳೆದು ನೋಡುತ್ತಾ ಅವರು ಹೇಳಿದರು:

"ಸಾಹುಕಾರ್ರೇ, ನಮ್ಮ ಮಾಣಿಗೆ ಮೈಸೂರಲ್ಲಿ ಕಾಲೇಜಿನ ಫುಟ್‌ಬಾಲ್ ಮ್ಯಾಚ್ ಉಂಟಂತೆ. ಹೇಗೂ ಹೋಗ್ಲಿಕ್ಕೆ ಉಂಟಲ್ಲ, ನಾನೂ ಮನೆಯವಳೂ ಒಟ್ಟಿಗೆ ಹೋಗಿ ಊರು ನೋಡಿ ಬರುವ ಅಂತ. ನೀವು ಮೈಸೂರು ಪೂರಾ ಕಂಡವರು. ಎರಡು ದಿನದಲ್ಲಿ ಎಂತೆಲ್ಲ ನೋಡ್ಬಹುದು, ಒಂದು ಪ್ಲಾನ್ ಹಾಕಿ ಕೊಡಿ ಮಾರಾಯ್ರೆ."

ನನಗೆ ನೆತ್ತಿಯವರೆಗೆ ಉರಿಯಿತು. ಗಲ್ಲಾಪೆಟ್ಟಿಗೆಯ ಆಚೆ ಬದಿಯಲ್ಲಿ ಕೊಬ್ಬರಿ ಆರಿಸುತ್ತಿದ್ದ ನನ್ನ ತಮ್ಮ ಹಮೀದ್ ತಲೆ ಎತ್ತಲಿಲ್ಲ. ಆ ಎತ್ತದ ತಲೆಯೇ ನನ್ನನ್ನು ಇನ್ನಷ್ಟು ಉರಿಸಿತು.

ಈ 'ನೋಡತಕ್ಕ ಸ್ಥಳ' ಎಂಬ ಮಾತನ್ನು ಯಾರು ಕಂಡುಹಿಡಿದರೋ ನನಗೆ ತಿಳಿಯದು. ನಾನು ಓದಿದ್ದು ಐದನೆಯ ಕ್ಲಾಸಿನವರೆಗೆ ಮಾತ್ರ. ಆದರೆ ಕಂಡುಹಿಡಿದವನು ಒಳ್ಳೆಯವನಲ್ಲ ಎಂಬುದು ಮಾತ್ರ ತಿಳಿದಿದೆ. ಒಂದು ಕಲ್ಲಿಗೆ ಸುತ್ತ ಬೇಲಿ ಹಾಕಿ ಬಾಗಿಲಲ್ಲಿ ಒಬ್ಬನನ್ನು ಕೂರಿಸಿದರೆ ಅದು ನೋಡತಕ್ಕದ್ದಾಗುತ್ತದೆ. ಬೇಲಿಯಿಲ್ಲದೆ ನಿಂತ ಮನುಷ್ಯನು ದಿನಾ ಕಾಣುವವನಾಗುತ್ತಾನೆ. ನಮ್ಮ ಊರಿಗೂ ಘಟ್ಟದ ಮೇಲಿನಿಂದ ಜನ ಬರುತ್ತಾರೆ, ಕದ್ರಿಯ ದೇವಸ್ಥಾನ ನೋಡಿ, ಬತ್ತೇರಿಯ ಕೋಟೆ ನೋಡಿ, "ಮತ್ತೇನಿದೆ?" ಎಂದು ಕೇಳುತ್ತಾರೆ. ಹೊರೆ ಹೊತ್ತು ಹಲಗೆಯ ಮೇಲೆ ಓಡುವ ಮಂಜಿಯ ಆಳುಗಳನ್ನು ದಾಟಿಕೊಂಡೇ ಬಂದು ಹಾಗೆ ಕೇಳುತ್ತಾರೆ! ಅವರನ್ನು ಬೈಯುವ ಹಕ್ಕು ನನಗಿಲ್ಲ. ನಾನು ಅವರಿಗಿಂತ ಕೀಳಾಗಿ ನಡೆದುಕೊಂಡವನು.

ಇದು ಎಷ್ಟೋ ವರ್ಷಗಳ ಹಿಂದಿನ ಮಾತು. ಹಮೀದ್ ಆಗ ಕೊಡಿಯಾಲ್‌ಬೈಲಿನ ಕಡೆಯ ಒಂದು ಕಾಲೇಜಿನಲ್ಲಿ ಓದುತ್ತಿದ್ದ; ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ. ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಅವನು ಗೋಲ್‌ಕೀಪರ್. ಮಳೆಯಲ್ಲಿ, ಮೊಣಕಾಲುದ್ದದ ಕೆಸರಿನಲ್ಲಿ, ಬರಿಗಾಲಿನಲ್ಲಿ ಎರಡು ಕಂಬಗಳ ನಡುವೆ ಅವನು ಹಾರುವುದನ್ನು ನೋಡಲು ಮೈದಾನದ ಸುತ್ತ ಕೊಡೆಗಳು ನೆರೆಯುತ್ತಿದ್ದವು. ನಾನು ಮಾತ್ರ ಯಾವಾಗಲೂ ಅವನ ಗೋಲಿನ ಹಿಂದೆಯೇ ನಿಲ್ಲುತ್ತಿದ್ದೆ. ಕೋಟಿನ ಕಿಸೆಯಲ್ಲಿ ಕರವಸ್ತ್ರದ ಗಂಟು, ಗಂಟಿನೊಳಗೆ ಒಂದು ಉಂಡೆ ದ್ವೀಪದ ಬೆಲ್ಲ ಮತ್ತು ಶುಂಠಿ. ಅರ್ಧ ಆಟಕ್ಕೆ ಸೀಟಿ ಊದಿದ ಕೂಡಲೇ ಅವನು ತಿರುಗಿ ಕೈ ಚಾಚುತ್ತಿದ್ದ, ನಾನು ಗಂಟು ಬಿಚ್ಚುತ್ತಿದ್ದೆ. "ಕಾಕಾ, ನೀನು ಹಿಂದೆ ಇದ್ರೆ ಬಾಲ್ ನನ್ನನ್ನು ದಾಟುವುದೇ ಇಲ್ಲ ನೋಡು" ಎನ್ನುತ್ತಿದ್ದ, ಅಣ್ಣನಿಗೆ ಕಾಕಾ ಎನ್ನುವ ನಮ್ಮ ಮನೆಯ ರೂಢಿಯಂತೆ. ನನಗೆ ಅದು ಹುಡುಗಾಟದ ಮಾತಾಗಿ ಕೇಳಿಸುತ್ತಿತ್ತು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಮೈಸೂರಿನಲ್ಲಿ ಆಡಲು ತಂಡಕ್ಕೆ ಕರೆ ಬಂತು. ಅಲ್ಲಿ ಚೆನ್ನಾಗಿ ಆಡಿದವರನ್ನು ಯೂನಿವರ್ಸಿಟಿಯ ತಂಡಕ್ಕೆ ಆರಿಸುತ್ತಾರೆ ಎಂಬ ಸುದ್ದಿಯೂ ಬಂತು. ಬಾಪನಿಗೆ, ಅಂದರೆ ನಮ್ಮ ತಂದೆಗೆ, ಅಂಗಡಿಯಲ್ಲಿ ಇನ್ನೊಂದು ಜೊತೆ ಕೈ ಬೇಕಾಗಿತ್ತು. ಓದನ್ನಾದರೂ ಸಹಿಸಬಹುದು, ಈ ಒದೆಯುವ ಆಟ ಎಂತದ್ದು ಎಂದು ಅವರು ಗೊಣಗುತ್ತಲೇ ಇದ್ದರು. ಕೊನೆಗೆ ಒಂದು ದಿನ ನಮ್ಮಿಬ್ಬರನ್ನೂ ಎದುರು ಕೂರಿಸಿ ತೀರ್ಮಾನ ಹೇಳಿದರು.

"ಅಬ್ದುಲ್ಲ, ನೀನು ಇವನೊಟ್ಟಿಗೆ ಹೋಗು. ಗೋಣಿಯೊಳಗೆ ಕೈ ಹಾಕದೆ ಸರಕಿನ ಮಾತು ಆಡುವವ ನೀನಲ್ಲ. ಕಣ್ಣಾರೆ ಕಂಡು ಬಾ. ಈ ಆಟದಲ್ಲಿ ಎಂತಾದ್ರೂ ಉಂಟು ಅಂತ ನೀನು ಹೇಳಿದ್ರೆ ಇವ ಓದಲಿ, ಆಡಲಿ, ನಾನು ಬಾಯಿ ಹಾಕುವುದಿಲ್ಲ. ಇಲ್ಲದಿದ್ರೆ ಸೀದಾ ಅಂಗಡಿಗೆ."

ಹಮೀದನ ಮುಖ ಅರಳಿತು. ತೀರ್ಪು ಕೊಡುವವನು ಗೋಲಿನ ಹಿಂದೆ ನಿಲ್ಲುವವನೇ ತಾನೇ!

ಇಲ್ಲಿ ನಮ್ಮ ವ್ಯಾಪಾರದ ಒಂದು ರೀತಿಯನ್ನು ಹೇಳಬೇಕು. ಅಕ್ಕಿ, ಹಂಚು ತುಂಬಿಕೊಂಡು ದ್ವೀಪಗಳಿಗೆ ಹೋದ ಮಂಜಿ ಕೊಬ್ಬರಿಯನ್ನೋ ಹಗ್ಗವನ್ನೋ ತುಂಬಿಕೊಂಡೇ ಮರಳಬೇಕು. ಮಂಜಿಯಲ್ಲಿ ಒಂದು ಗೋಣಿಯ ಜಾಗ ಖಾಲಿ ಉಳಿದರೂ ನಮ್ಮ ಮನೆಯಲ್ಲಿ ಸೂತಕದ ಮುಖ ಮಾಡುತ್ತಾರೆ. ಬಂದರು ಬಿಟ್ಟು ಎಲ್ಲಿಗೂ ಹೋಗದಿದ್ದ ನಾನು ಮೈಸೂರಿನ ಆ ಒಂದು ದಿನವನ್ನು ಮಂಜಿಯನ್ನು ತುಂಬುವ ಹಾಗೆ ತುಂಬತೊಡಗಿದೆ. ಯಾರು ಸಿಕ್ಕರೂ ಕೇಳಿದೆ, ಯಾರು ಏನು ಹೇಳಿದರೂ ಸೇರಿಸಿದೆ: ಬೆಳಿಗ್ಗೆ ಬೆಟ್ಟ, ಆಮೇಲೆ ಪ್ರಾಣಿಗಳ ತೋಟ, ಅರಮನೆ, ಸಂಜೆಗೆ ಅಣೆಕಟ್ಟಿನ ಕೆಳಗಿನ ಬಣ್ಣದ ಕಾರಂಜಿ. ಆದಿತ್ಯವಾರ ಬೆಳಿಗ್ಗೆಯೇ ತಂಡದ ಬಸ್ಸು ಊರಿಗೆ ಹೊರಡುವುದರಿಂದ ಕಾರಂಜಿಗೆ ಉಳಿದದ್ದು ಶನಿವಾರದ ಸಂಜೆ ಮಾತ್ರ, ಮತ್ತು ಶನಿವಾರದ ಸಂಜೆಯೇ ಮ್ಯಾಚು. ಅರ್ಧ ಆಟ ನೋಡಿ, ಬೆಲ್ಲ ಕೊಟ್ಟು, ಓಡಿ ಬಸ್ಸು ಹಿಡಿದರಾಯಿತು ಎಂದುಕೊಂಡೆ. ನೋಡಿ ನನ್ನ ಜಾಣತನವನ್ನು! ಯಾವುದಕ್ಕಾಗಿ ಹೊರಟೆನೋ ಅದನ್ನೇ ಮೂಲೆಗೆ ಒತ್ತಿ, ಬಿಟ್ಟಿಯಾಗಿ ಸಿಕ್ಕಿದ್ದಕ್ಕೆಲ್ಲ ನಡುಮನೆಯಲ್ಲಿ ಜಾಗ ಕೊಟ್ಟೆ.

ಸಂಪಾಜೆಯ ಘಟ್ಟ ಹತ್ತಿ, ಮಡಿಕೇರಿಯ ಮಂಜಿನಲ್ಲಿ ನಡುಗಿ, ಶುಕ್ರವಾರ ರಾತ್ರಿ ಮೈಸೂರು ಸೇರಿದೆವು. ಶನಿವಾರ ಬೆಳಿಗ್ಗೆ ತಂಡದವರು ಹಾಸ್ಟೆಲಿನ ಹಾಲ್‌ನಲ್ಲಿ ಕಾಲು ಚಾಚಿ ಮಲಗಿದ್ದರು. ಆಟದ ಮೊದಲು ತಿರುಗಬಾರದೆಂದು ಅವರಿಗೆ ಕಟ್ಟಪ್ಪಣೆ. ನಾನೊಬ್ಬನೇ ತಿರುಗಿದೆ. ಜಿರಾಫೆಯನ್ನು ಕತ್ತು ನೋಯುವಷ್ಟು ನೋಡಿದೆ. ಮ್ಯಾಚಿಗೆಂದು ಹೊರಟವನು ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಹಾಯುವಾಗ ಒಬ್ಬ ಕೂಗುತ್ತಿದ್ದ:

"ಕಾರಂಜಿ, ಕಾರಂಜಿ! ಇದೊಂದೇ ಸೀಟು ಸ್ವಾಮಿ, ಇದು ಬಿಟ್ರೆ ಇವತ್ತು ಇಲ್ಲ!"

ನಿಂತೆ. ಆಟವನ್ನು ಊರಿನಲ್ಲಿ ವಾರ ವಾರವೂ ನೋಡುತ್ತೇನೆ, ಕಾರಂಜಿ ಮಂಗಳೂರಿಗೆ ಬರುವುದಿಲ್ಲ ಎಂದು ಮನಸ್ಸು ಹೇಳಿತು. ಎಂಥ ದರಿದ್ರ ಮನಸ್ಸು! ತಮ್ಮ ಆ ದಿನ ಆಡುವ ಆಟವೂ ಮಂಗಳೂರಿಗೆ ಬರುವುದಿಲ್ಲ ಎಂದು ಅದಕ್ಕೆ ಹೊಳೆಯಲಿಲ್ಲ. ಹತ್ತಿ ಕುಳಿತೆ.

ಕಾರಂಜಿ ಚೆನ್ನಾಗಿತ್ತು; ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಕತ್ತಲಾಗುತ್ತಲೇ ನೀರು ಕೆಂಪಾಗಿ, ಹಸಿರಾಗಿ, ಗುಲಾಬಿಯಾಗಿ ಎದ್ದಿತು. ಸುತ್ತಲಿನವರು "ಆಹಾ" ಎಂದರು, ನಾನೂ ಎಂದೆ. ಮುಖಕ್ಕೆ ತುಂತುರು ಸಿಡಿಯಿತು. ಒರೆಸಿಕೊಳ್ಳಲೆಂದು ಕಿಸೆಗೆ ಕೈ ಹಾಕಿದೆ. ಬಸ್ಸಿನ ಸೆಕೆಯಲ್ಲಿ ಬೆಲ್ಲ ಕರಗಿ, ಕರವಸ್ತ್ರವನ್ನು ನೆನೆಸಿ, ಕೋಟಿನೊಳಗೆ ಇಳಿದಿತ್ತು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ಅರ್ಧ ಆಟದ ಸೀಟಿ ಎಂದೋ ಆಗಿಹೋಗಿತ್ತು. ಎಲ್ಲೋ ಒಂದು ಗೋಲಿನ ಮುಂದೆ ಒಬ್ಬ ಹುಡುಗ ತಿರುಗಿ ಕೈ ಚಾಚಿರಬೇಕು. ಆ ಬಣ್ಣದ ನೀರಿಗೆ ಬೆನ್ನು ಹಾಕಿ ಓಡಿಬಿಡೋಣ ಎನಿಸಿತು. ಓಡಲಿಲ್ಲ. ಅಂಟುಗೈಯನ್ನು ಹಾಗೇ ಹಿಡಿದುಕೊಂಡು ದೀಪ ಆರುವವರೆಗೆ ನೋಡಿದೆ.

ಊಟದ ಹೊತ್ತಿಗೆ ಹಾಲ್ ಸೇರಿದಾಗ ತಂಡ ಕುಣಿಯುತ್ತಿತ್ತು. ಗೆದ್ದಿದ್ದರು. ಕೊನೆಯಲ್ಲಿ ಬಂದ ಪೆನಾಲ್ಟಿಯನ್ನು ಹಮೀದ್ ತಡೆದನಂತೆ. ಆರಿಸುವವರು ಬಂದು ಅವನ ಹೆಸರು, ಊರು ಕೇಳಿದರಂತೆ. ನಾನು ಕೋಟನ್ನು ಮೊಳೆಗೆ ಸಿಕ್ಕಿಸಿ, ಅವನ ಮುಖ ನೋಡದೆ, "ಈ ಸಲ ಬದಿಯಲ್ಲಿ ನಿಂತೆ, ಹಿಂದೆ ಬಿಡ್ಲಿಲ್ಲ ಮಾರಾಯ" ಎಂದೆ.

ಅವನು "ಹಾಗಾ ಕಾಕಾ?" ಎಂದ. ಅಷ್ಟೇ.

ಊರಿಗೆ ಬಂದ ದಿನ ಬಾಪ ನಮ್ಮಿಬ್ಬರನ್ನೂ ಅದೇ ಜಾಗದಲ್ಲಿ ಕೂರಿಸಿದರು. ನಮ್ಮನ್ನು ಹೆತ್ತ ಉಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದಳು.

"ಎಂತ ಕಂಡಿ, ಹೇಳು."

ನಾನು ಬೆಟ್ಟದಿಂದ ಶುರು ಮಾಡಿದೆ. ಅರಮನೆಯ ಕಂಬಗಳನ್ನು ಹೇಳಿದೆ. ಕಾರಂಜಿಗೆ ಬಂದಾಗ ನನಗೇ ತಿಳಿಯದೆ ಕೈಗಳು ಮೇಲೆದ್ದವು, ಕೆಂಪು ಹೇಗೆ ಹಸಿರಾಯಿತೆಂದು ಬೆರಳಲ್ಲಿ ತೋರಿಸಿದೆ. ಬಾಪ ತಾಳ್ಮೆಯಿಂದ ಕೇಳಿದರು.

"ಆಟ?"

"ಆಟ... ಗೆದ್ರು."

"ಇವ ಹೇಗೆ ಆಡಿದ?"

"ಆಡಿದ. ಒಳ್ಳೆದು ಆಡಿದ."

ಬಾಪ ಗಡ್ಡ ನೀವಿಕೊಂಡರು. "ನೀರಿಗೆ ನಿನ್ನ ಬಾಯಲ್ಲಿ ಇಷ್ಟು ಮಾತು ಉಂಟು, ಸ್ವಂತ ತಮ್ಮನ ಆಟಕ್ಕೆ ಎರಡೇ. ಗೊತ್ತಾಯ್ತು ಬಿಡು. ತಮ್ಮನ ಮರ್ಯಾದೆಗೆ ನೀನು ಬಾಯಿ ಬಿಡುವುದಿಲ್ಲ, ಆದ್ರೆ ನಿನ್ನ ಕಣ್ಣು ಸುಳ್ಳು ಹೇಳುವುದಿಲ್ಲ. ಹಮೀದ್, ನಾಳೆಯಿಂದ ಅಂಗಡಿ."

ನೀವೇ ಹೇಳಿ, ಆಗ ಬಾಯಿ ತೆರೆಯಲು ಎಷ್ಟು ಧೈರ್ಯ ಬೇಕಾಗಿತ್ತು? 'ಬಾಪ, ನಾನು ಆಟ ನೋಡಲೇ ಇಲ್ಲ' ಎಂದಿದ್ದರೆ ಹೆಚ್ಚೆಂದರೆ ಒಂದು ಏಟು ಬೀಳುತ್ತಿತ್ತು. ಗೋಣಿಯೊಳಗೆ ಕೈ ಹಾಕುವವನು ಎಂಬ ಹೆಸರು ಹೋಗುತ್ತಿತ್ತು. ಆ ಹೆಸರು ನನಗೆ ತಮ್ಮನಿಗಿಂತ ದೊಡ್ಡದಾಯಿತು. ಹಮೀದನೂ ಬಾಯಿ ಬಿಡಲಿಲ್ಲ. ನಾನು ಅವನನ್ನು ನೋಡಲಿಲ್ಲ. ಅವನ ಕಾಲೇಜು ಅಲ್ಲಿಗೆ ನಿಂತಿತು. ಯೂನಿವರ್ಸಿಟಿಯ ಆಟಕ್ಕೆ ಬರಬೇಕೆಂದು ಕಾಲೇಜಿನಿಂದ ಕರೆ ಬಂದಾಗ ಅವನು ಮಂಜಿಯಿಂದ ಕೊಬ್ಬರಿ ಇಳಿಸುತ್ತಿದ್ದ. ಮತ್ತೆ ಮೈದಾನದ ಕಡೆ ಹೋಗಲಿಲ್ಲ.

ನನಗೆ ಬಾಪನ ಮೇಲೂ ಸಿಟ್ಟಿದೆ. ಈಗ ಅವರಿಲ್ಲ, ಸೃಷ್ಟಿಸಿದ ದೇವರು ಮನ್ನಿಸಲಿ. ಒಬ್ಬ ಹುಡುಗನ ಕೈಗಳನ್ನು ಇನ್ನೊಬ್ಬನ ಕಣ್ಣಿನಲ್ಲಿ ತೂಗುವುದು ಯಾವ ನ್ಯಾಯ? ಮೈಸೂರಿನಿಂದ ಬಂದ ನನ್ನನ್ನು ಸುತ್ತುವರಿದು "ಎಂತೆಲ್ಲ ನೋಡಿದಿ?" ಎಂದು ತಿಂಗಳುಗಟ್ಟಲೆ ಕೇಳಿದ ಇಡೀ ಬೀದಿಯ ಮೇಲೆ ಸಿಟ್ಟಿದೆ; ಯಾರನ್ನು ನೋಡಿದೆ ಎಂದು ಒಬ್ಬನೂ ಕೇಳಲಿಲ್ಲ. ಈ ಸಿಟ್ಟುಗಳೆಲ್ಲ ಊರು ಸುತ್ತಿ ಕೊನೆಗೆ ನನ್ನ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತವೆ ಎಂಬುದೂ ಗೊತ್ತಿದೆ.

ಆದ್ದರಿಂದ ಆಚಾರ್ಯ ಮಾಷ್ಟ್ರು ಪ್ಲಾನ್ ಕೇಳಿದಾಗ ನಾನು ಹಗ್ಗದ ಸುರುಳಿಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದೆ.

"ಮ್ಯಾಚ್ ನೋಡಿ ಮಾಷ್ಟ್ರೇ. ಅಷ್ಟೇ ಪ್ಲಾನ್. ಮೊದಲಿಂದ ಕಡೇವರೆಗೆ ನಿಮ್ಮ ಮಗನನ್ನು ನೋಡಿ, ಊಟ ಮಾಡಿ, ಮಲಗಿ, ಬನ್ನಿ."

"ಎಂಥ ಸಾಹುಕಾರ್ರೇ, ಅಷ್ಟು ದೂರ ಹೋಗಿ ಕಾರಂಜಿ ನೋಡದೆ ಬರುವುದಾ?"

"ಕಾರಂಜಿ ಎಲ್ಲಿಗೂ ಓಡಿ ಹೋಗುವುದಿಲ್ಲ!" ನನ್ನ ಧ್ವನಿ ಬೀದಿಗೆ ಕೇಳಿಸಿರಬೇಕು. ಮಾಷ್ಟ್ರು ಕಣ್ಣು ಪಿಳಿಪಿಳಿ ಮಾಡಿದರು.

ಆಗ ಹಮೀದ್ ಎದ್ದ. ಒಳಗಿನ ಗುಡಾಣದಿಂದ ಒಂದು ಉಂಡೆ ದ್ವೀಪದ ಬೆಲ್ಲ ತೆಗೆದು, ಒಣ ಶುಂಠಿಯ ಚೂರು ಸೇರಿಸಿ, ಬಾಳೆಯ ಒಣ ಎಲೆಯಲ್ಲಿ ಸುತ್ತಿ ಮಾಷ್ಟ್ರ ಕೈಗಿತ್ತ.

"ಅರ್ಧ ಆಟ ಆದಾಗ ಮಾಣಿಗೆ ಕೊಡಿ ಮಾಷ್ಟ್ರೇ. ಉಸಿರು ಬರ್ತದೆ."

ಮಾಷ್ಟ್ರು ಖುಷಿಯಿಂದ ಅದನ್ನು ತಮ್ಮ ಕೋಟಿನ ಕಿಸೆಗೆ ಇಳಿಸಲು ಹೊರಟರು.

"ಕಿಸೆಯಲ್ಲಿ ಬೇಡ," ಎಂದ ಹಮೀದ್, ತೀರಾ ಸಣ್ಣ ಧ್ವನಿಯಲ್ಲಿ, ನನ್ನ ಕಡೆ ತಿರುಗದೆ. "ಕರಗ್ತದೆ. ಆಮೇಲೆ ಕಲೆ ಹೋಗುವುದಿಲ್ಲ. ಕೈಯಲ್ಲೇ ಹಿಡ್ಕೊಳ್ಳಿ."

ಮತ್ತೆ ಕೂತು ಕೊಬ್ಬರಿ ಆರಿಸತೊಡಗಿದ. ಹಾಲ್‌ನ ಮೊಳೆಯಲ್ಲಿ ತೂಗುತ್ತಿದ್ದ ಆ ಕೋಟಿನ ಕಲೆಯನ್ನು ಅವನು ಮೈಸೂರಿನಲ್ಲಿ ಅಂದೇ ನೋಡಿದ್ದ. ಎಲ್ಲ ತಿಳಿದೇ ಬಾಪನೆದುರು ನನ್ನ ಹೆಸರನ್ನು ಉಳಿಸಿದ್ದ. ಗೋಲಿನ ಹಿಂದೆ ನಿಲ್ಲಬೇಕಾದವನಿಗೆ ಬಂದ ಚೆಂಡನ್ನೂ ಅವನೇ ತಡೆದಿದ್ದ.

ಸಂಜೆ ಮನೆಗೆ ಬಂದಾಗ ಕೋಟು ಇನ್ನೂ ಹಗ್ಗದ ಮೇಲೆಯೇ ಇತ್ತು. "ಕೊಡುವುದಾ?" ಎಂದು ಹೆಂಡತಿ ಕೇಳಿದಳು. ನಾನು ಸಿಡುಕಲಿಲ್ಲ. ಅದನ್ನು ಬಿಡಿಸಿ, ಕಿಸೆಯ ಒಳಮೈಯನ್ನು ಹೊರಗೆಳೆದು, ಕಲೆ ದಾರಿಗೆ ಕಾಣುವ ಹಾಗೆ ತಿರುಗಿಸಿ ಹಾಕಿದೆ. ಅಂಗಡಿಯ ಬೀಗ ಹಾಕಿ ಹಮೀದ್ ತನ್ನ ಮನೆಗೆ ಹೋಗುವುದು ನಮ್ಮ ಅಂಗಳದ ಮೇಲಿಂದಲೇ. ಕೋಟಿನ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು, ಅವನ ಹೆಜ್ಜೆಯ ಸದ್ದು ಕೇಳಿಸುವುದನ್ನೇ ಕಾಯುತ್ತಾ ಕೂತೆ.