ರಾಹುಕಾಲ ಮುಗಿಯಲಿ ಎಂದೆ

ಇದನ್ನು ಹೇಳುವುದನ್ನು ವರ್ಷಗಳಿಂದ ಮುಂದೂಡುತ್ತಾ ಬಂದಿದ್ದೇನೆ. ಇಂದು ಮಂಗಳೂರಿನ ಬಸ್ಸಿನಲ್ಲಿ ಒಬ್ಬನೇ ಕೂತು ಬರೆಯುತ್ತಿದ್ದೇನೆ.

ಆ ಶುಕ್ರವಾರ ಬೆಳಿಗ್ಗೆ ತಮ್ಮನ ಹೆಂಡತಿಯನ್ನು ಮಂಗಳೂರಿನ ವಿಮಾನ ಹತ್ತಿಸಲು ಆಟೋದಲ್ಲಿ ಹೊರಟಿದ್ದೆ. ಅವಳ ತಾಯಿ ಅಲ್ಲಿ ಆಸ್ಪತ್ರೆಯಲ್ಲಿ ಕೊನೆಯ ಸ್ಥಿತಿಯಲ್ಲಿದ್ದರು. ದಾರಿಯಲ್ಲಿ, ಮೊದಲೇ ದುಡ್ಡು ಕಟ್ಟಿದ್ದ ಟಿಕೆಟ್ ಪಡೆಯಲು ಗಾಂಧಿ ಬಜಾರಿನ ಏಜೆಂಟರ ಅಂಗಡಿಗೆ ಹೋದರೆ, ಅವರು ಫೋನ್ ಕೆಳಗಿಟ್ಟು ತಲೆಯಾಡಿಸಿದರು.

"ಅಲ್ಲಿ ಮೋಡ ಕವಿದು ರನ್‌ವೇ ಕಾಣ್ತಿಲ್ವಂತೆ ಸಾರ್. ಸಂಜೆ ಹೊರಟ್ರೂ ಹೊರಡಬಹುದು, ಗ್ಯಾರಂಟಿ ಇಲ್ಲ."

"ಹಾಗಾದ್ರೆ ದುಡ್ಡು ವಾಪಸ್ ಕೊಡಿ, ಬಸ್ಸಲ್ಲಿ ಹೋಗ್ತೀನಿ," ಎಂದಳು ಅವಳು. "ಇಷ್ಟು ತಡ ಆದ್ಮೇಲೆ ಕೇಳೋದು ನನ್ನ ಹಕ್ಕು."

ಏಜೆಂಟರು ತಕರಾರಿಲ್ಲದೆ ಒಪ್ಪಿದ್ದು ನೋಡಿ ನನಗೆ ಆಶ್ಚರ್ಯವಾಯಿತು. "ಈಗ್ಲೇ ಆಟೋ ಹಿಡೀರಿ ಅಮ್ಮ, ಮೆಜೆಸ್ಟಿಕ್ಕಲ್ಲಿ ಬಸ್ ಸಿಗತ್ತೆ. ರಾತ್ರಿ ಹೊತ್ತಿಗೆ ಅಲ್ಲಿರ್ತೀರ."

ನಾನು ಅಡ್ಡ ಬಂದೆ. "ಈಗ ರಾಹುಕಾಲ. ಪ್ರಯಾಣ ಶುರು ಮಾಡೋದು ಬೇಡ, ವಿಮಾನಕ್ಕೇ ಕಾಯೋಣ."

"ಮನೆ ಬಿಟ್ಟಾಗ್ಲೇ ಶುರುವಾಯ್ತಲ್ಲ ಭಾವ. ರಾಹುಗೇನು, ಆಟೋಗೂ ಬಸ್ಸಿಗೂ ಬೇರೆ ಲೆಕ್ಕಾನಾ?"

ಏಜೆಂಟರು ನಕ್ಕುಬಿಟ್ಟರು. ಹೊರಗಿನವರ ಮುಂದೆ ಮಾನ ಹೋಯಿತೆನಿಸಿ ಗದರಿದೆ: "ಹಿರಿಯರ ಮಾತು ಮೀರೋದೂ ನಿನ್ನ ಹಕ್ಕೇನು?"

ಅವಳು ಬೆಂಚಿನ ಮೇಲೆ ಕೂತಳು. ರಾಹುಕಾಲ ಮುಗಿಯುವಷ್ಟರಲ್ಲಿ ಹಗಲಿನ ಕೊನೆಯ ಬಸ್ಸು ಹೋಗಿತ್ತು. ಸಂಜೆ ವಿಮಾನವೂ ರದ್ದಾಯಿತು. ರಾತ್ರಿ ಬಸ್ಸು ಹಿಡಿದು ಬೆಳಿಗ್ಗೆ ಅವಳು ತಲುಪಿದಾಗ ತಾಯಿ ಇರಲಿಲ್ಲ. ನಡುರಾತ್ರಿಯವರೆಗೂ ಮಗಳು ಬಂದಳೇ ಎಂದು ಕೇಳುತ್ತಲೇ ಇದ್ದರಂತೆ.

ಅವಳು ನನಗೆ ಒಂದು ಮಾತೂ ಅನ್ನಲಿಲ್ಲ. ತಪ್ಪಾಯಿತು ಎಂದು ನಾನೂ ಹೇಳಲಿಲ್ಲ, ಮನೆಗೆ ಹಿರಿಯನಲ್ಲವೇ. ಇಲ್ಲಿ ಬರೆಯುವಾಗಲೂ ತಮ್ಮನ ಹೆಂಡತಿ ಎಂದೇ ಬರೆದೆ; ಅವಳ ಹೆಸರು ಲಲಿತ.