ಮ್ಯಾಥ್ಯೂ ಮಹಾಶಯರಿಗೆ ಸನ್ಮಾನ ಪತ್ರ

ಹೊಗಳುವುದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಡಬ್ಲಿನ್ನಿನ ನಾವು ಕನ್ನಡಿಗರು ರಾಜ್ಯೋತ್ಸವಕ್ಕೆ ಸೇರಿದರೆ, ಯಾರಿಗಾದರೂ ಶಾಲು ಹೊದಿಸದೆ ಊಟಕ್ಕೆ ಏಳುವವರಲ್ಲ. ಅವರಿಗೆ ಕೊಡುವ ಸನ್ಮಾನ ಪತ್ರ ಬರೆಯುವ ಕೆಲಸ ಬಹಳ ಕಾಲದಿಂದ ನನ್ನದು. ಹಗಲೆಲ್ಲ ಸ್ಯಾಂಡಿಫರ್ಡಿನ ಆಫೀಸಿನಲ್ಲಿ ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕುವವನಿಗೆ, ತಪ್ಪೇ ಇಲ್ಲದ ಮನುಷ್ಯರನ್ನು ಸೃಷ್ಟಿಸುವುದರಲ್ಲಿ ಒಂದು ಸುಖವಿದೆ. ಒಮ್ಮೆ ಅವಸರದಲ್ಲಿ, ಹೃದಯದ ಡಾಕ್ಟರೊಬ್ಬರಿಗೂ ನಮ್ಮ ಕಾರ್ಯಕ್ರಮಗಳಿಗೆಲ್ಲ ಬಿಸಿಬೇಳೆಬಾತ್ ಮಾಡಿಕೊಟ್ಟ ಮಹನೀಯರಿಗೂ ಹೆಸರು ಮಾತ್ರ ಬದಲಿಸಿ ಒಂದೇ ಪತ್ರ ಬರೆದೆ. ‘ನನ್ನನ್ನು ಎಷ್ಟು ಸರಿಯಾಗಿ ಅರ್ಥ ಮಾಡ್ಕೊಂಡಿದ್ದೀರಿ!’ ಎಂದು ಇಬ್ಬರೂ ನನ್ನ ಕೈ ಹಿಡಿದುಕೊಂಡರು.

ಈ ವಿದ್ಯೆಯನ್ನು ಅಮೆರಿಕದ ರಾಜಕಾರಣಿಯೊಬ್ಬನ ಮೇಲೆ ಪ್ರಯೋಗಿಸಬೇಕಾಗಿ ಬಂದದ್ದು ಫಿಂಟನ್ ಅವರಿಂದ. ಡಬ್ಲಿನ್ನಿನ ಅಂಚಿನ ಕ್ಲಾಂಡಾಲ್ಕಿನ್‌ನಲ್ಲಿ ನಮ್ಮ ಪಕ್ಕದ ಮನೆಯವರು, ಎಂಬತ್ತು ದಾಟಿದ ಬ್ರಹ್ಮಚಾರಿ. ಇಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಾರೆ. ನಾನೂ ಕರೆಯುತ್ತೇನೆ, ಕರೆದಾಗಲೆಲ್ಲ ಮನಸ್ಸಿನಲ್ಲೇ ಒಂದು ‘ಅವರು’ ಸೇರಿಸಿಕೊಳ್ಳುತ್ತೇನೆ. ಅವರ ಅಜ್ಜನ ಅಜ್ಜನಿಗೆ ಮ್ಯಾಥ್ಯೂ ಎಂಬ ಅಣ್ಣನಿದ್ದನಂತೆ. ಅಮೆರಿಕ ಇನ್ನೂ ಎಳೆಯ ದೇಶವಾಗಿದ್ದಾಗ ಹಡಗು ಹತ್ತಿ ಹೋಗಿ, ಅಲ್ಲಿನ ಒಂದು ರಾಜ್ಯದ ಶಾಸಕನಾದನಂತೆ. ಮನೆತನದಲ್ಲಿ ಉಳಿದಿದ್ದ ಸುದ್ದಿ ಇಷ್ಟೇ. ಈಗ ಊರಿನ ಇತಿಹಾಸ ಸಂಘದವರು ಕಾಲುವೆಯ ಪಕ್ಕ ಒಂದು ಕಲ್ಲುಬೆಂಚು ಹಾಕಿ, ಇಲ್ಲಿಂದ ವಲಸೆ ಹೋದ ಒಬ್ಬರ ಹೆಸರು ಕೆತ್ತಿಸುವವರಿದ್ದರು. ಯಾರ ಹೆಸರೆಂಬುದನ್ನು, ಅವರ ಬಗ್ಗೆ ಬರೆದು ಓದಿದ್ದನ್ನು ಕೇಳಿ ಸಂಘದ ಸಭೆ ತೀರ್ಮಾನಿಸುವುದಿತ್ತು.

‘ನನ್ನ ನಂತರ ಅವನ ಹೆಸರು ಹೇಳೋಕೆ ಯಾರೂ ಇಲ್ಲ. ನಿನಗೆ ಕಂಪ್ಯೂಟರ್ ಗೊತ್ತು, ಹುಡುಕಿ ಬರೆದುಕೊಡು, ಓದೋದೂ ನೀನೇ,’ ಎಂದರು ಫಿಂಟನ್.

ಹುಡುಕಿದೆ. ಹಳೆಯ ಕಡತಗಳನ್ನೆಲ್ಲ ಆ ರಾಜ್ಯದವರು ಇಂಟರ್ನೆಟ್ಟಿಗೆ ಹಾಕಿಟ್ಟಿದ್ದರು. ಪೀಪಾಯಿ ಮಾಡುತ್ತಿದ್ದ ಮ್ಯಾಥ್ಯೂ ಶಾಸಕನಾದದ್ದು ನಿಜ. ಒಂದು ದಿನವೂ ತಪ್ಪಿಸದೆ ಸಭೆಗೆ ಹೋಗಿದ್ದಾನೆ, ಹೋಗಿ ಸುಮ್ಮನೆ ಕೂತಿದ್ದಾನೆ. ಒಂದೇ ಒಂದು ಸಲ ಎದ್ದುನಿಂತು, ತನ್ನ ಊರಿನ ಹೊಳೆಗೆ ಸರ್ಕಾರದ ಖರ್ಚಿನಲ್ಲಿ ದೋಣಿ ಬೇಕೆಂದು ಕೇಳಿದ. ಸಭೆ ಆಗದು ಎಂದಿತು. ಮುಂದಿನ ಚುನಾವಣೆಯಲ್ಲಿ ಜನ ಅವನಿಗೂ ಆಗದು ಎಂದರು. ನಮ್ಮ ಕಡೆ ಸೋತ ಶಾಸಕನಿಗೆ ಯಾವುದಾದರೂ ನಿಗಮದ ಅಧ್ಯಕ್ಷಗಿರಿ ಕಾದಿರುತ್ತದೆ. ಇವನು ತಾನೇ ಒಂದು ದೋಣಿ ಕೊಂಡು, ಕೈಲಾಗುವವರೆಗೂ ಅದೇ ಹೊಳೆಯಲ್ಲಿ ಜನರನ್ನು ದಾಟಿಸಿದ.

ಸನ್ಮಾನ ಪತ್ರದಲ್ಲಿ ಸೋಲಿಗೆ ಜಾಗವಿಲ್ಲ. ದೋಣಿಯ ಪ್ರಸಂಗವನ್ನು ಪೂರ್ತಿ ಬಿಟ್ಟೆ, ಫಿಂಟನ್ ಅವರಿಗೂ ಹೇಳಲಿಲ್ಲ. ಬದಲಿಗೆ ನನ್ನ ಎಂದಿನ ಸರಕು ಇಳಿಸಿದೆ: ಸರಳತೆಯ ಸಾಕಾರಮೂರ್ತಿ, ದೀನರ ಬಂಧು, ಧೀಮಂತ ನಾಯಕ. ಇಂಗ್ಲಿಷಿನಲ್ಲಿ ಅದು ಸ್ವಲ್ಪ ಭಾರವಾಯಿತು, ನಿಜ. ನನ್ನವಳು ಓದಿ ನೋಡಿದಳು.

‘ಇಷ್ಟೊಂದು ಹೊಗಳಿದ್ದೀರಲ್ರೀ, ಆಯಪ್ಪ ಮಾಡಿದ್ದೇನು ಅಂತಾನೇ ಇಲ್ವಲ್ಲ?’

‘ಸನ್ಮಾನ ಪತ್ರ ಅಂದ್ರೆ ಹಂಗೇ ಇರೋದು ಕಣೇ,’ ಎಂದೆ.

ಐರಿಷ್ ಜನಕ್ಕೆ ಹೊಗಳಿಕೆ ಕಂಡರೆ ಸಂಕೋಚ ಎಂಬುದು ಇಷ್ಟು ವರ್ಷವಾದರೂ ನನಗೆ ಹೊಳೆದಿರಲಿಲ್ಲ. ನಿಮ್ಮ ತೋಟ ಚೆನ್ನಾಗಿದೆ ಎಂದರೆ, ಕೈ ಹಿಡಿದು ಕರೆದುಕೊಂಡು ಹೋಗಿ ಹುಳ ತಿಂದ ಎಲೆ ತೋರಿಸುವ ಜನ ಅವರು. ಶನಿವಾರ ಮಧ್ಯಾಹ್ನ ಸಂಘದ ಸಭೆಯಲ್ಲಿ ನಾನು ಏರುದನಿಯಲ್ಲಿ ಓದುತ್ತ ಹೋದಂತೆ ಒಬ್ಬೊಬ್ಬರೇ ತಮ್ಮ ಬೂಟು ನೋಡಿಕೊಳ್ಳತೊಡಗಿದರು. ಫಿಂಟನ್ ಅವರ ಕಿವಿ ಕೆಂಪಾಯಿತು. ನನ್ನಿಂದಾಗಿ ಬೆಂಚು ಕೈತಪ್ಪಿತು ಎನಿಸಿತು.

ಅಧ್ಯಕ್ಷೆ, ನಿವೃತ್ತ ಟೀಚರು, ಮೆಲ್ಲಗೆ ಕೇಳಿದರು: ‘ಎಲ್ಲಾ ಸರಿ. ಆದ್ರೆ ಅವನು ಮಾಡಿದ್ದೇನು?’

ಬೇರೆ ದಾರಿಯಿರಲಿಲ್ಲ. ಕಾಗದ ಮಡಚಿಟ್ಟು, ದೋಣಿ ಕೇಳಿದ್ದು, ಸೋತದ್ದು, ತಾನೇ ದೋಣಿಗೆ ಹುಟ್ಟು ಹಾಕಿದ್ದು, ಎಲ್ಲ ಹೇಳಿದೆ. ಬೂಟು ನೋಡುತ್ತಿದ್ದವರು ತಲೆಯೆತ್ತಿದರು. ಹೊಳೆ ಎಷ್ಟು ಅಗಲವಿತ್ತು ಎಂದು ಒಬ್ಬರು, ಚಳಿಗಾಲದಲ್ಲಿ ಏನು ಮಾಡುತ್ತಿದ್ದ ಎಂದು ಇನ್ನೊಬ್ಬರು. ನನಗೆ ಗೊತ್ತಿರಲಿಲ್ಲ. ‘ಇದನ್ನ ಮೊದಲೇ ಹೇಳಬಾರದಿತ್ತಾ?’ ಎಂದು ಅಧ್ಯಕ್ಷೆ ಗದರಿಸಿ, ಒಪ್ಪಿದವರಿಗೆ ಕೈಯೆತ್ತಲು ಹೇಳಿದರು. ಎಲ್ಲರೂ ಎತ್ತಿದರು. ಹೆಸರಿನ ಕೆಳಗೆ ಶಾಸಕ ಎಂದು ಬೇಡ, ಅಂಬಿಗ ಎಂದಿರಲಿ ಎಂದೂ ತೀರ್ಮಾನವಾಯಿತು.

ವಾಪಸು ಬರುವಾಗ ಫಿಂಟನ್ ನನಗಿಂತ ಒಂದು ಹೆಜ್ಜೆ ಮುಂದೆಯೇ ನಡೆದರು. ಮುಚ್ಚಿಟ್ಟದ್ದಕ್ಕೆ ಕೋಪವಿರಬೇಕೆಂದು ಅವರ ಗೇಟಿನ ಬಳಿ ಕ್ಷಮೆ ಕೇಳಿದೆ. ಅವರು ಗೇಟಿನ ಮೇಲೆ ಕೈಯಿಟ್ಟು ನಿಂತರು.

‘ನಾನೂ ಒಂದು ಸಲ ಕೌನ್ಸಿಲ್ ಎಲೆಕ್ಷನ್ನಿಗೆ ನಿಂತಿದ್ದೆ. ಈ ರಸ್ತೆಯವರೇ ನನಗೆ ವೋಟು ಹಾಕಲಿಲ್ಲ. ಅಂಥಾ ದೊಡ್ಡ ಮನುಷ್ಯನ ಮನೆತನದಲ್ಲಿ ಹುಟ್ಟಿ ಹೀಗಾಯ್ತಲ್ಲ ಅಂತ ಇಷ್ಟು ವರ್ಷ ಅವನ ಮುಂದೆ ತಲೆ ತಗ್ಗಿಸಿಕೊಂಡೇ ಇದ್ದೆ.’

ಏನಾದರೂ ಒಳ್ಳೆಯ ಮಾತು ಹೇಳೋಣವೆಂದರೆ ನನ್ನ ಸರಕಿನಲ್ಲಿ ಒಂದೂ ಹೊಂದಲಿಲ್ಲ. ಅವರೇ ಗೇಟು ತೆರೆದು, ಒಳಗೆ ಹೋಗುತ್ತ ಹೇಳಿದರು:

‘ನಾನು ಹೋದಾಗಲೂ ನೀನೇ ಬರಿ. ಎಲೆಕ್ಷನ್ ಸೋತದ್ದು ಮಾತ್ರ ಬಿಡಬೇಡ.’